ಹಲ್ಲು ಮೂಡುವ ಮೊದಲಿನ ಹನಿ

ಮೈಸೂರಿನಲ್ಲಿ ಬಿಸಿಲಿಗೆ ಬರವಿಲ್ಲ. ಹೀಗಿದ್ದೂ, 1997-98ರಲ್ಲಿ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಗೆ, ಊರವರ ಬಾಯಲ್ಲಿ ಹೇಳುವುದಾದರೆ ಮಿಷನ್ ಆಸ್ಪತ್ರೆಗೆ, ಹೆರಿಗೆಗೆಂದು ಹೆಸರು ಬರೆಸಿದ್ದ ಗರ್ಭಿಣಿಯರ ರಕ್ತದಲ್ಲಿ ವಿಟಮಿನ್ ಡಿ ಅಳೆದಾಗ ಸಿಕ್ಕ ಲೆಕ್ಕ ಬೇರೆಯದನ್ನೇ ಹೇಳಿತು. ‘ಪಾರ್ಥೆನಾನ್ ಅಧ್ಯಯನ’ ಎಂದು ವೈದ್ಯಲೋಕದಲ್ಲಿ ಹೆಸರಾದ ಸಂಶೋಧನೆಯ ಭಾಗ ಅದು. 2009ರಲ್ಲಿ ಪ್ರಕಟವಾದ ವರದಿಯ ಪ್ರಕಾರ 559 ತಾಯಂದಿರ ಪೈಕಿ ನೂರಕ್ಕೆ 66 ಮಂದಿಯಲ್ಲಿ ಈ ಜೀವಸತ್ವ ಲೀಟರಿಗೆ 50 ನ್ಯಾನೊಮೋಲ್‌ಗಿಂತ ಕೆಳಗಿತ್ತು. 31 ಮಂದಿಯಲ್ಲಿ 28ಕ್ಕಿಂತಲೂ ಕೆಳಗೆ. ಗರ್ಭಿಣಿಯರ ಸಕ್ಕರೆ ಕಾಯಿಲೆಗೋ ಹುಟ್ಟುವ ಮಗುವಿನ ಗಾತ್ರಕ್ಕೋ ಈ ಕೊರತೆಯ ನಂಟಿದೆಯೇ ಎಂದು ಸಂಶೋಧಕರು ಹುಡುಕಿದರು, ನಂಟು ಸಿಗಲಿಲ್ಲ. ಆದರೆ ಅದೇ ಮಕ್ಕಳು ಒಂಬತ್ತೂವರೆ ವರ್ಷದವರಾದಾಗ ಪರೀಕ್ಷಿಸಿದ ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು, ಕೊರತೆಯಿದ್ದ ತಾಯಂದಿರ ಮಕ್ಕಳಲ್ಲಿ ತೋಳಿನ ಸ್ನಾಯು ತುಸು ಸಣ್ಣದಿರುವುದನ್ನೂ ಇನ್ಸುಲಿನ್ ಪ್ರತಿರೋಧ ತುಸು ಹೆಚ್ಚಿರುವುದನ್ನೂ 2011ರಲ್ಲಿ ವರದಿ ಮಾಡಿದರು. ಮಕ್ಕಳ ಹಲ್ಲಿನ ಮಾತಿಗೆ ಈ ಹಳೆಯ ಲೆಕ್ಕವನ್ನು ಎಳೆದು ತರಲು ಕಾರಣವಿದೆ: ಮಗುವಿನ ಮೊದಲ ಹಲ್ಲು ತಯಾರಾಗಲು ತೊಡಗುವುದು ಇಂಥ ತಾಯಂದಿರ ಹೊಟ್ಟೆಯಲ್ಲೇ.

ಹಾಲುಹಲ್ಲಿಗೆ ಖನಿಜ ಕೂಡಿಕೊಳ್ಳಲು ಶುರುವಾಗುವುದು ಗರ್ಭದ ಸುಮಾರು ಹದಿನಾಲ್ಕನೇ ವಾರದಲ್ಲಿ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಇಪ್ಪತ್ತೂ ಹಾಲುಹಲ್ಲುಗಳ ಹೊರಕವಚವಾದ ಎನಾಮೆಲ್‌ನ ಕೆಲಸ, ಇನ್ನೂ ವಸಡಿನೊಳಗೇ ಇರುವ ಹಲ್ಲುಗಳದ್ದೂ ಸೇರಿ, ಬಹುಪಾಲು ಮುಗಿದಿರುತ್ತದೆ. ಆರರ ವಯಸ್ಸಿಗೆ ಬಂದು ಜೀವಮಾನವಿಡೀ ಉಳಿಯಬೇಕಾದ ಮೊದಲ ದವಡೆ ಹಲ್ಲು ಗಟ್ಟಿಯಾಗಲು ಹೊರಡುವುದು ಹುಟ್ಟಿನ ಆಸುಪಾಸಿನಲ್ಲಿ. ಮೂರು ವರ್ಷಕ್ಕೆಲ್ಲ ಅದರ ಹೊರಕವಚವೂ ಸಿದ್ಧ. ಹಲ್ಲು ಹೊರಬರುತ್ತಿದ್ದಂತೆ ಎನಾಮೆಲ್ ಕಟ್ಟುವ ಜೀವಕೋಶಗಳೇ ಇಲ್ಲವಾಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಎನಾಮೆಲ್‌ಗೆ ಆ ಭಾಗ್ಯವಿಲ್ಲ. ಕರುಳಿನಿಂದ ಕ್ಯಾಲ್ಸಿಯಂ, ರಂಜಕಗಳನ್ನು ರಕ್ತಕ್ಕೆ ಸೇರಿಸುವುದು ವಿಟಮಿನ್ ಡಿಯ ದೊಡ್ಡ ಕೆಲಸ. ಅವೆರಡೂ ಹಲ್ಲಿನ ಗೋಡೆಗೆ ಬೇಕಾಗುವುದು ಗೋಡೆ ಏಳುತ್ತಿರುವಾಗ. ಆದ್ದರಿಂದ ವಿಟಮಿನ್ ಡಿಗೂ ಮಕ್ಕಳ ಹಲ್ಲಿಗೂ ಸಂಬಂಧವಿದೆ ಎಂಬ ಮಾತನ್ನು ನಾನು ಒಪ್ಪುತ್ತೇನೆ; ಆ ಸಂಬಂಧದ ಕಾಲ ಯಾವುದು ಎಂಬಲ್ಲಿ ನನ್ನ ತಕರಾರು. ಗರ್ಭಿಣಿಗೂ ಎಳೆಗೂಸಿಗೂ ಸಿಗಬೇಕಾದದ್ದು ಸಿಗದೆ, ಹಲ್ಲೆಲ್ಲ ಬಂದಾದ ಮಗುವಿಗೆ ‘ಹಲ್ಲು ಗಟ್ಟಿಯಾಗಲಿ’ ಎಂದು ಸಿರಪ್ಪು, ಗಮ್ಮಿ ಕೊಡಿಸುವುದು ಕಾಲ ತಪ್ಪಿದ ಖರ್ಚು. ಕೆಲವೊಮ್ಮೆ ಅದು ಹಲ್ಲಿಗೆ ಮಾಡುವ ಕೇಡೂ ಹೌದು.

ಇದಕ್ಕೆ ಎದುರಾಗಿ ನಿಲ್ಲುವ ಬಲವಾದ ಸಾಕ್ಷ್ಯವನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1920ರ ದಶಕದಲ್ಲಿ ಮೇ ಮೆಲ್ಲನ್‌ಬಿ ಎಂಬ ವಿಜ್ಞಾನಿ ಮೊದಲು ನಾಯಿಮರಿಗಳ ಮೇಲೆ, ಆಮೇಲೆ ಮಕ್ಕಳ ಮೇಲೆ ಪ್ರಯೋಗ ನಡೆಸಿ, ಕಾಡ್ ಲಿವರ್ ಎಣ್ಣೆಯಂಥ ವಿಟಮಿನ್ ಡಿ ಮೂಲಗಳನ್ನು ಕೊಟ್ಟಾಗ ಹೊಸ ಹುಳುಕು ಕಡಿಮೆಯಾಗುತ್ತದೆಂದೂ ಇದ್ದ ಹುಳುಕು ಹರಡುವುದು ನಿಧಾನವಾಗುತ್ತದೆಂದೂ ಹೇಳಿದರು. ಮಕ್ಕಳ ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆ ಬರುವುದು ಆಹಾರದಲ್ಲಿನ ಕೊರತೆಯಿಂದ ಎಂದು ತೋರಿಸಿದ ಎಡ್ವರ್ಡ್ ಮೆಲ್ಲನ್‌ಬಿ ಇವರ ಗಂಡ. ಅಲ್ಲಿಂದ 1980ರ ದಶಕದವರೆಗೆ ನಡೆದ 24 ಪ್ರಯೋಗಗಳನ್ನು, ಸುಮಾರು 3,000 ಮಕ್ಕಳ ಲೆಕ್ಕವನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಫಿಲಿಪ್ ಹುಜೋಯಲ್ ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದರು. ವಿಟಮಿನ್ ಡಿ ಪಡೆದ ಮಕ್ಕಳಲ್ಲಿ ಹುಳುಕು ಸುಮಾರು ಶೇ 47ರಷ್ಟು ಕಡಿಮೆ ಎಂಬುದು ಅವರಿಗೆ ಸಿಕ್ಕ ಸಂಖ್ಯೆ. ಔಷಧ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಅಂಕಿ ಬೇಕೆ? ಆದರೆ ಈ ಫಲಿತಾಂಶದ ಖಚಿತತೆ ಕಡಿಮೆ ಎಂದು ಅದೇ ಲೇಖನದಲ್ಲಿ ಹುಜೋಯಲ್ ಅವರೇ ಬರೆದಿದ್ದಾರೆ. ಪ್ರಯೋಗಗಳಲ್ಲಿ ಹೆಚ್ಚಿನವು ಹಳೆಯವು, ಮಕ್ಕಳನ್ನು ಗುಂಪು ಮಾಡಿದ ರೀತಿ ಈಗಿನ ಕಟ್ಟುನಿಟ್ಟಿಗೆ ಒಪ್ಪುವಂಥದ್ದಲ್ಲ, ಕೆಲವು ಕಡೆ ಕೊಟ್ಟದ್ದು ಮಾತ್ರೆಯಲ್ಲ, ನೇರಳಾತೀತ ದೀಪದ ಬೆಳಕು. ಆ ಮಕ್ಕಳಲ್ಲಿ ಅನೇಕರು ಫ್ಲೋರೈಡ್ ಪೇಸ್ಟ್ ಬರುವ ಮೊದಲಿನವರು, ಕಲ್ಲಿದ್ದಲ ಹೊಗೆ ಮುಸುಕಿದ ಊರುಗಳಲ್ಲಿ ರಿಕೆಟ್ಸ್ ಮನೆಮಾತಾಗಿದ್ದ ಕಾಲದವರು. ಅಂಥ ಕಡು ಕೊರತೆಯಲ್ಲಿ ವಿಟಮಿನ್ ಡಿ ಹಲ್ಲಿನ ಒಳಪದರಕ್ಕೆ ಬಲ ಕೊಟ್ಟಿರಬಹುದು. ಅದನ್ನು ಅಲ್ಲಗಳೆಯಲು ನಾನು ಹೊರಟಿಲ್ಲ. ಅದೇ ಅಂಕಿಯನ್ನು ಇಂದಿನ ಮೈಸೂರಿನ ಕೃಷ್ಣಮೂರ್ತಿಪುರಂನ ಏಳು ವರ್ಷದ ಮಗುವಿಗೆ ಅಂಟಿಸುವುದು ಸಲ್ಲ.

ಇತ್ತೀಚಿನ ಒಂದು ಪ್ರಯೋಗ ನನ್ನ ವಾದಕ್ಕೆ ಹೆಚ್ಚು ಹತ್ತಿರ. ಡೆನ್ಮಾರ್ಕ್‌ನಲ್ಲಿ 623 ಗರ್ಭಿಣಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಇಪ್ಪತ್ತನಾಲ್ಕನೇ ವಾರದಿಂದ ಹೆರಿಗೆಯಾಗಿ ಒಂದು ವಾರದವರೆಗೆ, ಒಂದು ಗುಂಪಿಗೆ ದಿನಕ್ಕೆ 2,800 ಯೂನಿಟ್, ಇನ್ನೊಂದಕ್ಕೆ ಎಂದಿನ 400 ಯೂನಿಟ್ ವಿಟಮಿನ್ ಡಿ ಕೊಟ್ಟರು. ಮಕ್ಕಳು ಆರು ವರ್ಷದವರಾದಾಗ ಬಾಯಿ ತೆರೆಸಿ ನೋಡಿದರೆ, ಶಾಶ್ವತ ಹಲ್ಲುಗಳ ಎನಾಮೆಲ್ ದೋಷ ಮೊದಲ ಗುಂಪಿನಲ್ಲಿ ಶೇ 15.1, ಎರಡನೆಯದರಲ್ಲಿ ಶೇ 27.5. ಹೆಚ್ಚುಕಡಿಮೆ ಅರ್ಧ. 2019ರಲ್ಲಿ ಬಂದ ಈ ವರದಿಯನ್ನು ಉತ್ಸಾಹದಿಂದ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಸಾಲು ಅಷ್ಟೇ ಮುಖ್ಯ: ಹುಳುಕಿನ ಮಟ್ಟಿಗೆ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಗರ್ಭದಲ್ಲಿದ್ದಾಗ ಸಿಕ್ಕ ವಿಟಮಿನ್ ಡಿ ಎನಾಮೆಲ್‌ನ ಗುಣವನ್ನು ಬದಲಿಸಿತು, ಹುಟ್ಟಿದ ಮೇಲೆ ಆ ಎನಾಮೆಲ್ ಮೇಲೆ ಏನೇನು ಬಿದ್ದಿತು ಎಂಬುದನ್ನು ಬದಲಿಸಲಿಲ್ಲ. ಎನಾಮೆಲ್ ದೋಷವೇನೂ ಸಣ್ಣ ವಿಷಯವಲ್ಲ. ಮೊದಲ ದವಡೆ ಹಲ್ಲು ಹಳದಿ, ಕಂದು ಕಲೆಯೊಂದಿಗೆ ಬಂದು, ತಣ್ಣೀರು ತಾಗಿದರೆ ಜುಮ್ಮೆಂದು, ಅಗಿದಾಗ ಪುಡಿಯಾಗುವ ಮಕ್ಕಳಿದ್ದಾರೆ. ಅಂಥ ಹಲ್ಲನ್ನು ತುಂಬುವುದು ವೈದ್ಯರಿಗೂ ತಲೆನೋವಿನ ಕೆಲಸ. ಆದರೆ 2,800 ಯೂನಿಟ್ ಎಂಬ ಪ್ರಮಾಣ ಪ್ರಯೋಗದ ಶಿಸ್ತಿನೊಳಗೆ, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟದ್ದು. ಪತ್ರಿಕೆಯಲ್ಲಿ ಓದಿ ಯಾರೂ ಮನೆಯಲ್ಲಿ ಶುರುಮಾಡುವಂಥದ್ದಲ್ಲ.

ನಮ್ಮ ಊರಿಗೆ ಇದೆಲ್ಲ ಯಾಕೆ, ಮಗುವನ್ನು ಬಿಸಿಲಿಗೆ ಬಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಹಜವಾದ ಪ್ರಶ್ನೆ. ಮೈಸೂರು ಇರುವುದು ಸಮಭಾಜಕದಿಂದ ಹನ್ನೆರಡು ಡಿಗ್ರಿ ಉತ್ತರಕ್ಕೆ. ಆದರೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣ ಭೂಮಿಗೆ ಚೆನ್ನಾಗಿ ಇಳಿಯುವುದು ಸೂರ್ಯ ನೆತ್ತಿಯ ಹತ್ತಿರವಿದ್ದಾಗ. ತಿರುಪತಿಯಲ್ಲಿ ನಡೆದ ಅಧ್ಯಯನ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಹೊತ್ತನ್ನು ಗುರುತಿಸಿದೆ. ಬಾಣಂತಿ ಕೋಣೆಯಿಂದ ಕೂಸನ್ನು ಎತ್ತಿ ತಂದು ಎಳೆಬಿಸಿಲಿಗೆ ಹಿಡಿಯುವ ನಮ್ಮ ಪದ್ಧತಿಯಲ್ಲಿ ಬೆಚ್ಚಗಿನ ಸುಖವಿದೆ, ಕಾಮಾಲೆಯ ಹಳದಿ ಕಣ್ಣಿಗೆ ಬೀಳುವ ಅನುಕೂಲವಿದೆ. ವಿಟಮಿನ್ ಡಿ ಮಾತ್ರ ಹೆಚ್ಚೇನೂ ಇಲ್ಲ. ನಡುಮಧ್ಯಾಹ್ನದ ಬಿಸಿಲಿಗೆ ಎಳೆಗೂಸನ್ನು ಮಲಗಿಸಿ ಎಂದು ಹೇಳುವ ಧೈರ್ಯ ಯಾರಿಗೂ ಬೇಡ. ಇನ್ನು ದೊಡ್ಡ ಮಕ್ಕಳು ಆ ಹೊತ್ತಿಗೆ ತರಗತಿಯೊಳಗೆ. ಬಲ್ಲಾಳ್ ಸರ್ಕಲ್ಲಿನಿಂದ ನಂಜುಮಳಿಗೆವರೆಗಿನ ಹಳೆಯ ಬಡಾವಣೆಗಳಲ್ಲೂ ಹಿತ್ತಿಲು, ಅಂಗಳಗಳಿದ್ದ ಜಾಗದಲ್ಲಿ ಮಹಡಿ ಎದ್ದು, ಮಕ್ಕಳ ಆಟ ಸಂಜೆಯ ನೆರಳಿಗೆ ಸರಿದಿದೆ. ನಮ್ಮ ಚರ್ಮದ ಬಣ್ಣಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು, ಊಟದಲ್ಲಿ ಈ ಜೀವಸತ್ವ ಇರುವ ಪದಾರ್ಥಗಳೇ ವಿರಳ. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇ 14, ಐದರಿಂದ ಒಂಬತ್ತರವರಲ್ಲಿ ಶೇ 18, ಹದಿಹರೆಯದವರಲ್ಲಿ ಶೇ 24 ಮಂದಿಗೆ ಕೊರತೆ ಇದೆ ಎಂದಿತು, ಅದೂ ಮೈಸೂರಿನ ಗರ್ಭಿಣಿಯರಿಗೆ ಹಿಡಿದ 50ರ ಗೆರೆಗಿಂತ ಕೆಳಗಿನ ಗೆರೆ ಹಿಡಿದು.

ಈ ಅಂಕಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ಶೇ 51.9ರಷ್ಟು ಮಂದಿಗೆ ಹುಳುಕು ಹಲ್ಲಿತ್ತು. ಸಮೀಕ್ಷೆಗಳು ಬೇರೆ, ವರ್ಷಗಳು ಬೇರೆ, ತಾಳೆ ಹಾಕುವಾಗ ಎಚ್ಚರ ಬೇಕು. ಆದರೂ ಕೊರತೆಯಿರುವ ಮಕ್ಕಳು ಆರೇಳರಲ್ಲಿ ಒಬ್ಬರು, ಹುಳುಕಿರುವವರು ಇಬ್ಬರಲ್ಲಿ ಒಬ್ಬರು ಎಂದಾದರೆ, ಹುಳುಕನ್ನೆಲ್ಲ ವಿಟಮಿನ್ ಡಿಯ ತಲೆಗೆ ಕಟ್ಟಲಾಗದು. ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿರುವ ಮಕ್ಕಳಿಗೆ ಹುಳುಕು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿರುವುದು ನಿಜ. ಆದರೆ ಮನೆಯೊಳಗೇ ಕೂತು ಟಿವಿ ಮುಂದೆ ಬಿಸ್ಕತ್ತು ಮೆಲ್ಲುವ ಮಗುವಿಗೆ ಬಿಸಿಲೂ ಕಡಿಮೆ, ಸಕ್ಕರೆಯೂ ಹೆಚ್ಚು. ಎರಡೂ ಒಟ್ಟಿಗೆ ಇವೆ ಎಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ.

ಮೆಡಿಕಲ್ ಶಾಪಿನ ಗಾಜಿನ ಕಪಾಟಿಗೆ ಬರೋಣ. ಮಕ್ಕಳಿಗೆಂದು ಮಾರುವ ವಿಟಮಿನ್ ಡಿ ಈಗ ಹಣ್ಣಿನ ಬಣ್ಣದ, ಕರಡಿಮರಿ ಆಕಾರದ ಗಮ್ಮಿಯಾಗಿ, ಚೀಪುವ ಮಾತ್ರೆಯಾಗಿ, ಸಿಹಿ ಸಿರಪ್ಪಾಗಿ ಬರುತ್ತದೆ. ಗಮ್ಮಿಗಳಲ್ಲಿ ಅನೇಕವು ಸಕ್ಕರೆ ಪಾಕಕ್ಕೆ ಸಿಟ್ರಿಕ್ ಆಮ್ಲ ಬೆರೆಸಿ ಮಾಡಿದವು. ಹಲ್ಲಿನ ಗುಳಿಯಲ್ಲಿ ಅಂಟಿ ಕೂರುತ್ತವೆ. ಅಂಟುವ ಸಿಹಿಯನ್ನು ಊಟದ ನಡುನಡುವೆ ತಿಂದರೆ ಹುಳುಕು ಹೇಗೆ ಏರುತ್ತದೆಂಬುದನ್ನು ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಬುದ್ಧಿಮಾಂದ್ಯರಾದ ಒಳರೋಗಿಗಳಿಗೆ ಟಾಫಿ ತಿನ್ನಿಸಿ ಕಂಡುಕೊಂಡರು. ನೀತಿಯ ದೃಷ್ಟಿಯಿಂದ ಹೇಸಿಗೆ ಹುಟ್ಟಿಸುವ ಪ್ರಯೋಗ, ಆದರೆ ಅದರ ಫಲಿತಾಂಶವನ್ನು ಯಾರೂ ಅಲ್ಲಗಳೆದಿಲ್ಲ. ಹಲ್ಲಿನ ಹೆಸರು ಹೇಳಿ ಅದೇ ಗುಣದ ಪದಾರ್ಥವನ್ನು ದಿನಾ ರಾತ್ರಿ ಮಗುವಿನ ಕೈಗಿಡುವುದನ್ನು ಏನೆನ್ನಬೇಕು? ಹಾಲಿಗೆ ಬೆರೆಸುವ ಪುಡಿಗಳ ಡಬ್ಬಿಯ ಮೇಲೂ ‘ವಿಟಮಿನ್ ಡಿ’ ದಪ್ಪಕ್ಷರದಲ್ಲಿರುತ್ತದೆ, ಸಕ್ಕರೆಯ ಪ್ರಮಾಣ ಹಿಂಬದಿಯ ಸಣ್ಣಕ್ಷರದಲ್ಲಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾ ಸೇರಿದಂತೆ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ವರ್ಗದಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟದವರಿಗೆ ಸೂಚಿಸಿತು. ಕಾನೂನಿನಲ್ಲಿ ಅಂಥ ವರ್ಗವೇ ಇಲ್ಲ ಎಂಬುದು ಕಾರಣ. ಪ್ಯಾಕೆಟ್ ಹಾಲಿಗೆ ವಿಟಮಿನ್ ಎ ಮತ್ತು ಡಿ ಸೇರಿಸುವುದು ಒಳ್ಳೆಯ ಕ್ರಮವೇ; ಆದರೆ ನಿಯಮದಂತೆ ಲೀಟರಿಗೆ ಸೇರುವುದು 200ರಿಂದ 300 ಯೂನಿಟ್, ಒಂದು ಲೋಟಕ್ಕೆ ಐವತ್ತರ ಆಸುಪಾಸು. ಅದನ್ನು ನೆಚ್ಚಿ ಕೂರುವಂತಿಲ್ಲ, ಬಿಡಬೇಕಾಗಿಯೂ ಇಲ್ಲ.

‘ಕೊಟ್ಟರೆ ನಷ್ಟವೇನು?’ ಎಂಬುದು ನಾನು ಹೆಚ್ಚು ಗೌರವಿಸುವ ಆಕ್ಷೇಪ, ಏಕೆಂದರೆ ಅದರ ಹಿಂದೆ ಇರುವುದು ತಂದೆತಾಯಿಯರ ಕಾಳಜಿ. ದಿನಕ್ಕೆ 400 ಯೂನಿಟ್ಟಿನ ಹನಿ ಯಾವ ಕೂಸಿಗೂ ನಷ್ಟ ಮಾಡದು. ಭಾರತೀಯ ಮಕ್ಕಳ ತಜ್ಞರ ಸಂಘವೇ ಹುಟ್ಟಿನಿಂದ ಒಂದು ವರ್ಷದವರೆಗೆ ಅದನ್ನು ಕೊಡಿ ಎನ್ನುತ್ತದೆ, ತಾಯಿಯ ಹಾಲಿನಲ್ಲಿ ಈ ಒಂದು ಅಂಶ ತೀರಾ ಕಡಿಮೆಯಾದ್ದರಿಂದ. ಅಂಜಿಕೆ ಇರುವುದು 60,000 ಯೂನಿಟ್ಟಿನ ಸ್ಯಾಶೆ, ಕ್ಯಾಪ್ಸೂಲುಗಳ ಬಗ್ಗೆ. ವಾರಕ್ಕೊಮ್ಮೆ ಎಂದು ಬರೆದದ್ದನ್ನು ದಿನಕ್ಕೊಮ್ಮೆ ನುಂಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡದ ತೊಂದರೆಗೆ ಗುರಿಯಾದವರ ವರದಿಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಯುದ್ಧಾನಂತರದ ಬ್ರಿಟನ್ನಿನಲ್ಲಿ ಮಕ್ಕಳ ಹಾಲಿನ ಪುಡಿ ಮುಂತಾದವಕ್ಕೆ ಸರ್ಕಾರವೇ ಧಾರಾಳವಾಗಿ ವಿಟಮಿನ್ ಡಿ ಸೇರಿಸಲು ಹೋಗಿ, 1950ರ ದಶಕದಲ್ಲಿ ಕೂಸುಗಳಿಗೆ ಕ್ಯಾಲ್ಸಿಯಂ ಏರುವ ಕಾಯಿಲೆ ಕಾಣಿಸಿಕೊಂಡು ಪ್ರಮಾಣ ಇಳಿಸಬೇಕಾಯಿತು. ಕೊಬ್ಬಿನಲ್ಲಿ ಕರಗುವ ವಿಟಮಿನ್ ಮೈಯಲ್ಲಿ ಉಳಿಯುತ್ತದೆ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುವ ಬಿ, ಸಿ ಗಳಂತಲ್ಲ. ಇದಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ನಷ್ಟವಿದೆ: ಗಮ್ಮಿ ಕೊಟ್ಟ ಮನೆಯಲ್ಲಿ ಹಲ್ಲಿನ ಚಿಂತೆ ತೀರಿತು ಎಂಬ ಸಮಾಧಾನ ಹುಟ್ಟಿ, ರಾತ್ರಿ ಹಲ್ಲುಜ್ಜಿಸುವ ಜಗಳವನ್ನು ಕೈಬಿಡುತ್ತಾರೆ.

ಆ ಜಗಳವೇ ಹಲ್ಲು ಬಂದ ಮೇಲಿನ ಮದ್ದು. ಫ್ಲೋರೈಡ್ ಪೇಸ್ಟಿನಿಂದ ಉಜ್ಜಿದರೆ ಮಕ್ಕಳ ಶಾಶ್ವತ ಹಲ್ಲುಗಳ ಹುಳುಕು ಸರಾಸರಿ ಶೇ 24ರಷ್ಟು ಇಳಿಯುತ್ತದೆ ಎಂದು ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಎಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳಿಂದ ಹೇಳಿತು. ಹುಜೋಯಲ್ ಅವರ 47ಕ್ಕಿಂತ ಸಣ್ಣ ಸಂಖ್ಯೆ, ಹೌದು. ಆದರೆ ನೂರು ರೂಪಾಯಿಯ ಹರಿದ ನೋಟಿಗಿಂತ ಐವತ್ತರ ಗಟ್ಟಿ ನೋಟು ಮೇಲು. ಕರ್ನಾಟಕದಲ್ಲಿ ಫ್ಲೋರೈಡ್ ಎಂದೊಡನೆ ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿಗಳ ನೀರಿನಿಂದ ಹಲ್ಲು ಕಂದಾದ ಮಕ್ಕಳ ಮುಖ ನೆನಪಾಗಿ ಜನ ಹಿಂಜರಿಯುತ್ತಾರೆ. ಆ ಹಿಂಜರಿಕೆ ಆ ಜಿಲ್ಲೆಗಳಲ್ಲಿ ನ್ಯಾಯವೇ. ಮೈಸೂರು ಕುಡಿಯುವುದು ಮುಖ್ಯವಾಗಿ ಕಾವೇರಿ, ಕಬಿನಿಯ ನೀರು, ಹೊಳೆನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಇಲ್ಲಿನ ಮಗುವಿಗೆ ಪೇಸ್ಟಿನಲ್ಲಿ ಅದು ಬೇಕು: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ನಮ್ಮಲ್ಲಿ ಪೇಸ್ಟಿನ ಫ್ಲೋರೈಡ್‌ಗೆ 1,000 ಪಿಪಿಎಂ ಮೇಲ್ಮಿತಿ ಇದೆ. ಸ್ಟ್ರಾಬೆರಿ ವಾಸನೆಯ ಮಕ್ಕಳ ಪೇಸ್ಟುಗಳಲ್ಲಿ ಕೆಲವಕ್ಕೆ ಅದರ ಅರ್ಧವೂ ಇರುವುದಿಲ್ಲ. ಡಬ್ಬಿ ತಿರುಗಿಸಿ ಓದಿದರೆ ಗೊತ್ತಾಗುತ್ತದೆ. ಸಕ್ಕರೆಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಬಿಡುತ್ತೇನೆ, ಒಂದು ಮಾತು ಹೊರತು: ಸಿಹಿ ಎಷ್ಟು ತಿಂದರು ಎಂಬುದರಷ್ಟೇ ದಿನದಲ್ಲಿ ಎಷ್ಟು ಸಲ ತಿಂದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಬ್ಬದ ಹೋಳಿಗೆಗಿಂತ ದಿನಕ್ಕೆ ನಾಲ್ಕು ಸಲದ ಬೇಕರಿ ಬಿಸ್ಕತ್ತು ಹೆಚ್ಚು ಕೆಡುಕು.

ಹಲ್ಲಿನ ಭವಿಷ್ಯ ಗರ್ಭದಲ್ಲೇ ಬರೆದಿರುತ್ತದೆ ಎಂದರೆ ಮತ್ತೆ ತಾಯಿಯನ್ನೇ ದೂರಿದಂತಾಗುವುದಿಲ್ಲವೇ ಎಂದು ಕೇಳಬಹುದು. ದೂರಬೇಕಾದದ್ದು ವ್ಯವಸ್ಥೆಯನ್ನು, ಏಕೆಂದರೆ ಕೊಡಬೇಕಾದ ವಸ್ತು ಕಾಗದದ ಮೇಲೆ ಈಗಾಗಲೇ ಇದೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ಗರ್ಭಿಣಿಗೆ ಹದಿನಾಲ್ಕನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ. ಒಂದೊಂದರಲ್ಲೂ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ. ರಕ್ತದೊತ್ತಡದ ತೊಡಕು ತಪ್ಪಿಸಲೆಂದು ರೂಪಿಸಿದ ಕ್ರಮವಿದು. ಹಾಲುಹಲ್ಲು ಗಟ್ಟಿಯಾಗಲು ಶುರುವಾಗುವ ವಾರಕ್ಕೇ ಹೊಂದಿಕೊಂಡಿರುವುದು ಆಕಸ್ಮಿಕ. ಡೆನ್ಮಾರ್ಕ್‌ನಲ್ಲಿ ಕೊಟ್ಟದ್ದಕ್ಕೆ ಹೋಲಿಸಿದರೆ ಈ 500 ಯೂನಿಟ್ ಚಿಕ್ಕದು, ಅಷ್ಟೇ ಫಲ ಸಿಗುತ್ತದೆಂದು ಭರವಸೆ ಕೊಡಲಾಗದು. ಆದರೆ ಅಷ್ಟಾದರೂ ಹೊಟ್ಟೆ ಸೇರಬೇಕಲ್ಲ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು. ಮೇಲಾಗಿ ಮಾತ್ರೆಗಳಿಂದ ಕೆಲವರಿಗೆ ಹೊಟ್ಟೆ ಕಟ್ಟುತ್ತದೆ, ಓಕರಿಕೆ ಬರುತ್ತದೆ. ಹೊತ್ತು ಹೊಂದಿಸಿಕೊಡುವವರಿಲ್ಲದೆ ಮಾತ್ರೆಪಟ್ಟಿ ಗೂಡಿನಲ್ಲೇ ಉಳಿಯುತ್ತದೆ. ವಿಟಮಿನ್ ಡಿ ಒಂದೇ ಸಾಕಾಗದು, ಜೊತೆಗೆ ಕ್ಯಾಲ್ಸಿಯಂ ಬೇಕು. ಅದಕ್ಕೆ ನಮ್ಮ ರಾಗಿ ಇದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅದನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಇದೆ. ಓಟ್ಸ್ ತಿಂದ ನಾಯಿಮರಿಗಳ ಮೂಳೆ ಮೆತ್ತಗಾದದ್ದನ್ನು ಕಂಡು ಎಡ್ವರ್ಡ್ ಮೆಲ್ಲನ್‌ಬಿ ಹಿಡಿದದ್ದೂ ಇದೇ ಫೈಟೇಟಿನ ಜಾಡು. ಮೊಳಕೆ ಕಟ್ಟಿ, ಹುರಿದು ಮಾಡಿದ ಹಿಟ್ಟಿನಲ್ಲಿ ಅದು ಇಳಿಯುತ್ತದೆ. ಬಾಣಂತಿಗೆ, ಕೂಸಿಗೆ ಮೊಳಕೆ ರಾಗಿಯ ಗಂಜಿ ಕೊಡುತ್ತಿದ್ದ ಅಜ್ಜಿಯಂದಿರು ಈ ರಸಾಯನಶಾಸ್ತ್ರ ಓದಿರಲಿಲ್ಲ, ಅಷ್ಟೆ.

ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತದೆ, ಒಳ್ಳೆಯದೇ. ಹಲ್ಲು ಹೋದಮೇಲೆ ತೋರುವ ಈ ಔದಾರ್ಯದ ಒಂದು ಪಾಲು ಹಲ್ಲು ಹುಟ್ಟುವ ಕಡೆಗೂ ಹರಿಯಲಿ ಎಂದು ಕೇಳಲು ಹೊಸ ಯೋಜನೆಯೂ ಬೇಕಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಒಂದು ಸಾಲಿನಲ್ಲಿದೆ, ಹಲ್ಲಿನ ತೊಂದರೆ ಇನ್ನೊಂದು ಸಾಲಿನಲ್ಲಿದೆ. ಎರಡನ್ನೂ ಕೂಡಿಸಿ ಓದುವ ಅಭ್ಯಾಸ ಬೆಳೆಯಬೇಕು. ಮಕ್ಕಳಿಗೆಲ್ಲ ವಿಟಮಿನ್ ಡಿ ರಕ್ತಪರೀಕ್ಷೆ ಮಾಡಿಸುವುದಂತೂ ದುಡ್ಡು ದಂಡ. ಮಕ್ಕಳ ತಜ್ಞರ ಸಂಘವೂ ಅದನ್ನು ಹೇಳುವುದಿಲ್ಲ. ವಿಟಮಿನ್ ಎ, ಕಬ್ಬಿಣದ ಸಿರಪ್ಪಿಗೆ ಇರುವಂಥ ರಾಷ್ಟ್ರೀಯ ಕಾರ್ಯಕ್ರಮ ಕೂಸಿನ ವಿಟಮಿನ್ ಡಿ ಹನಿಗೆ ಇಲ್ಲ. ಕೈಯಲ್ಲಿ ಕಾಸಿದ್ದವರು ವೈದ್ಯರ ಚೀಟಿ ಹಿಡಿದು ಕೊಳ್ಳುತ್ತಾರೆ, ಇಲ್ಲದವರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ಹೆರಿಗೆಯ ನಂತರ ನಲವತ್ತೆರಡನೇ ದಿನದವರೆಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರುತ್ತಾರೆ. ಆ ಭೇಟಿಯಲ್ಲಿ 400 ಯೂನಿಟ್ಟಿನ ಹನಿಯ ಬಾಟಲಿಯನ್ನೂ ಅಳತೆಯ ಡ್ರಾಪರನ್ನೂ ಕೊಟ್ಟು, ತಾಯಿಗೆ ಕ್ಯಾಲ್ಸಿಯಂ ಮಾತ್ರೆ ಸೇರುತ್ತಿದೆಯೇ ಎಂದು ಕೇಳಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಬಹುದು. ಹದಿನಾರರಿಂದ ಇಪ್ಪತ್ತನಾಲ್ಕನೇ ತಿಂಗಳ ನಡುವಿನ ಬೂಸ್ಟರ್ ಲಸಿಕೆಗೆ ಮಗು ಬಂದಾಗ ಸೂಜಿ ಹಾಕುವ ಮೊದಲು ಮೇಲ್ದುಟಿ ಎತ್ತಿ ಮುಂದಿನ ನಾಲ್ಕು ಹಲ್ಲು ನೋಡಲು ಅರ್ಧ ನಿಮಿಷ ಸಾಕು. ವಸಡಿನ ಅಂಚಿಗೆ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಗುರುತು. ಅಂಥ ಮಗುವಿನ ಮನೆಯವರಿಗೆ ಹೇಳಬೇಕಾದದ್ದು ರಾತ್ರಿಯ ಹಾಲಿನ ಬಾಟಲಿ ನಿಲ್ಲಿಸುವ ಮಾತು, ಅಕ್ಕಿಕಾಳಿನಷ್ಟು ಪೇಸ್ಟಿನ ಮಾತು, ದಂತವೈದ್ಯರ ವಿಳಾಸ. ವಿಟಮಿನ್ ಡಿಯ ಚೀಟಿ ಬರೆಯುವುದಿದ್ದರೆ, ಆ ತಾಯಿಗೆ ಮುಂದಿನ ಬಸಿರು ನಿಂತಾಗ ಬರೆಯಲಿ.